ಫೈನಲ್ ಬೇಡ ಅಕ್ಕ, ಅರ್ಹತಾ ಸುತ್ತಿಗೆ ಹೋಗು

ಬೆಂಗಳೂರು
ಆಷಾಢದ ಕೊನೆಯ ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ಪುಟ್ಟಿ ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ‘ಅಮ್ಮನಿಗೆ ಮಾತ್ರ ಹೇಳಬೇಡ ಚಿಕ್ಕಮ್ಮ’ ಅಂತ ಆಣೆ ಹಾಕಿಸಿಕೊಂಡಳು. ಹಾಗಾಗಿ ಬೆಳಗ್ಗೆ ಎದ್ದವಳೇ ಕಾಫಿ ಹಿಡಿದುಕೊಂಡು ನಿನಗೇ ಬರೆಯಲು ಕೂತಿದ್ದೇನೆ. ಭಾದ್ರಪದದಲ್ಲಿ ನಿನಗೆ ಎಪ್ಪತ್ತು ತುಂಬುತ್ತದಲ್ಲ, ಅದಕ್ಕೆ ಅವಳೂ ಅಳಿಯನೂ ಸೇರಿ ಅಮೆರಿಕ ಓಪನ್ ಮಹಿಳೆಯರ ಸಿಂಗಲ್ಸ್ ಫೈನಲ್‌ಗೆ ನಿನ್ನನ್ನು ಕರೆದುಕೊಂಡು ಹೋಗುವ ಹುನ್ನಾರದಲ್ಲಿದ್ದಾರೆ. ಭಾವನಿಗೆ ಎಪ್ಪತ್ತಾದಾಗ ಭೀಮರಥ ಶಾಂತಿ, ಹೋಮ, ಊರಿಗೆಲ್ಲ ಊಟ. ನಿನಗೆ ನ್ಯೂಯಾರ್ಕಿನ ಆರ್ಥರ್ ಆಶ್ ಸ್ಟೇಡಿಯಂ. ನನ್ನ ಕೇಳಿದರೆ ನಿನ್ನದೇ ವಾಸಿ. ಆದರೂ ನನ್ನದೊಂದು ತಕರಾರಿದೆ.

ಟಿಕೆಟ್ಟಿನ ಬೆಲೆಯನ್ನೂ ಹೇಳಿದಳು. ಡಾಲರನ್ನು ರೂಪಾಯಿಗೆ ತಿರುಗಿಸಿ ನೋಡಬಾರದು ಅಂತ ನೀನು ಯಾವಾಗಲೂ ಹೇಳುತ್ತೀಯ. ತಿರುಗಿಸಿ ನೋಡಿದೆ, ಲೋಟ ಕೆಳಗಿಟ್ಟೆ. ಅದು ಹಾಗಿರಲಿ, ದುಡಿಯುತ್ತಾರೆ, ಅಮ್ಮನಿಗೆಂದು ಖರ್ಚು ಮಾಡಲಿ. ನನ್ನ ತಕರಾರು ಬೇರೆ. ಆ ಸ್ಟೇಡಿಯಂನಲ್ಲಿ 23,771 ಆಸನಗಳಿವೆ. ಟೆನಿಸ್ಸಿಗೆಂದೇ ಕಟ್ಟಿದವುಗಳಲ್ಲಿ ಜಗತ್ತಿಗೇ ದೊಡ್ಡದು. ಪುಟ್ಟಿ ನೋಡಿಟ್ಟಿರುವ ಸೀಟು ತೀರಾ ಮೇಲಿನ ಅಂತಸ್ತಿನಲ್ಲಿದೆ. ಅಲ್ಲಿಂದ ಆಟಗಾರ್ತಿಯ ಮುಖ ಕಾಣುವುದಿಲ್ಲ, ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ತಿಳಿಯುವುದಿಲ್ಲ. ಕಡೆಗೆ ಎಲ್ಲರೂ ನೋಡುವುದು ತೂಗುಹಾಕಿರುವ ದೊಡ್ಡ ಪರದೆಯನ್ನೇ. ಪರದೆ ನೋಡುವುದಾದರೆ ನಿಮ್ಮ ಮನೆಯ ಸೋಫಾ ಏನು ಪಾಪ ಮಾಡಿದೆ? ಮಂಡಿಗೂ ಹಿತ.

ಅದಕ್ಕೆ ನಾನು ಹೇಳುವುದು, ಫೈನಲ್ ಬೇಡ. ಮುಖ್ಯ ಟೂರ್ನಿ ಶುರುವಾಗುವುದಕ್ಕೆ ಹಿಂದಿನ ವಾರ ಅದೇ ಜಾಗದಲ್ಲಿ ಅರ್ಹತಾ ಸುತ್ತಿನ ಪಂದ್ಯಗಳು ನಡೆಯುತ್ತವಲ್ಲ, ಅದಕ್ಕೆ ಹೋಗು. ಅದನ್ನು ನೋಡಲು ಅಲ್ಲಿ ದುಡ್ಡು ಕೇಳುವುದಿಲ್ಲ. ಮೊದಲೇ ಹೆಸರು ಕೊಡಬೇಕೇನೋ, ಅಷ್ಟನ್ನು ಪುಟ್ಟಿ ನೋಡಿಕೊಳ್ಳಲಿ. ಒಬ್ಬಳೇ ಹೋಗು. ವಾರದ ನಡುವಿನ ದಿನ, ಮೊಮ್ಮಗನನ್ನು ಶಿಬಿರಕ್ಕೆ ಕಳಿಸಿ, ಭಾವನಿಗೆ ಮೊಸರನ್ನ ಕಲಸಿಟ್ಟು, ಟೋಪಿ ಹಾಕಿಕೊಂಡು ಹೊರಡು.

ನಾನು ಹೀಗೆ ಹೇಳುವುದಕ್ಕೆ ಕಾರಣವಿದೆ. ಟೆನಿಸ್ ಟೂರ್ನಿ ಅಂದರೆ ನಾವು ಟಿ.ವಿ.ಯಲ್ಲಿ ನೋಡುವ ಕೊನೆಯ ನಾಲ್ಕೈದು ದಿನ ಅಂತಲೇ ಬಹಳ ಜನ ತಿಳಿದಿದ್ದಾರೆ. ಮಹಿಳೆಯರ ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ 128 ಜನ ಆಡುತ್ತಾರೆ. ಅದರಲ್ಲಿ 104 ಜನಕ್ಕೆ ರ್ಯಾಂಕಿಂಗ್ ನೋಡಿ ನೇರ ಪ್ರವೇಶ. ಎಂಟು ಜನಕ್ಕೆ ವೈಲ್ಡ್ ಕಾರ್ಡ್, ಅಂದರೆ ಸಂಘಟಕರ ಕೃಪೆ. ಉಳಿದ ಹದಿನಾರು ಜಾಗ ಅರ್ಹತಾ ಸುತ್ತಿನಿಂದ ಬರುವವರಿಗೆ. ಆ ಹದಿನಾರಕ್ಕೆ ಮತ್ತೆ ಬೇರೆ 128 ಹೆಂಗಸರು ಬಡಿದಾಡುತ್ತಾರೆ. ಮೂರು ಪಂದ್ಯ ಗೆದ್ದರೆ ಒಳಗೆ, ಒಂದು ಸೋತರೆ ಪೆಟ್ಟಿಗೆ ಕಟ್ಟಬೇಕು. ಇದೇ ಒಂದು ಪೂರಾ ಟೂರ್ನಿ ಅಕ್ಕ, ಇದಕ್ಕೆ ಕಪ್ಪಿಲ್ಲ, ಭಾಷಣವಿಲ್ಲ. ಗೆದ್ದವಳಿಗೆ ಸಿಗುವ ಬಹುಮಾನವೆಂದರೆ ಮುಂದಿನ ವಾರ ಒಂದನೇ ಸುತ್ತಿನಲ್ಲಿ ಯಾವುದೋ ಶ್ರೇಯಾಂಕಿತೆಯ ಎದುರು ನಿಲ್ಲುವ ಹಕ್ಕು.

ಯಾರಿವರು ಅಂತೀಯ? ಹೆಚ್ಚಿನವರು ಜಗತ್ತಿನ ನೂರನೆಯ ಸ್ಥಾನದಿಂದ ಇನ್ನೂರು ಚಿಲ್ಲರೆಯವರೆಗಿನವರು. ಯೋಚನೆ ಮಾಡು, ಒಂದು ಕಸುಬಿನಲ್ಲಿ ಇಡೀ ಜಗತ್ತಿಗೆ ನೂರಾ ಎಂಬತ್ತನೆಯವಳು ಅಂದರೆ ಸಣ್ಣ ಮಾತಲ್ಲ. ನಿಮ್ಮ ಬ್ಯಾಂಕಿನಲ್ಲಿ ಅಂಥವಳು ಜನರಲ್ ಮ್ಯಾನೇಜರ್ ಆಗಿ ಕಾರಿನಲ್ಲಿ ಓಡಾಡುತ್ತಿದ್ದಳು. ಇಲ್ಲಿ ಅವಳು ವಿಮಾನದ ಟಿಕೆಟ್ ತಾನೇ ಕೊಳ್ಳಬೇಕು, ರ್ಯಾಕೆಟ್ಟಿಗೆ ತಂತಿ ಹಾಕಿಸುವ ದುಡ್ಡು ತಾನೇ ಕೊಡಬೇಕು, ಜೊತೆಯಲ್ಲಿ ಕೋಚ್ ಇರಬೇಕೆಂದರೆ ಅವರ ಊಟ, ರೂಮು ಎಲ್ಲ ಇವಳ ಲೆಕ್ಕಕ್ಕೆ. ಈ ವರ್ಗದವರು ವರ್ಷವಿಡೀ ಆಡುವ ಸಣ್ಣ ಟೂರ್ನಿಗಳಿವೆ. ತೀರಾ ಕೆಳಗಿನವುಗಳಲ್ಲಿ ಇಡೀ ಟೂರ್ನಿಯ ಬಹುಮಾನ ಮೊತ್ತವೇ 15,000 ಡಾಲರ್, ಅದನ್ನು ಗೆದ್ದವರು ಸೋತವರು ಎಲ್ಲ ಹಂಚಿಕೊಳ್ಳಬೇಕು. ಅದೇ ಅಮೆರಿಕ ಓಪನ್ನಿನ ಮುಖ್ಯ ಸುತ್ತಿಗೆ ಬಂದು ಮೊದಲ ಪಂದ್ಯದಲ್ಲೇ ಸೋತರೂ 2021ರಲ್ಲಿ 75,000 ಡಾಲರ್ ಕೊಟ್ಟರು. ಈಗ ಇನ್ನೂ ಹೆಚ್ಚಾಗಿದೆ. ಅರ್ಹತಾ ಸುತ್ತಿನ ಮೂರನೆಯ ಪಂದ್ಯದಲ್ಲಿ 5-5 ಆದಾಗ ಇಬ್ಬರು ಹುಡುಗಿಯರ ಕೈ ಯಾಕೆ ನಡುಗುತ್ತದೆ ಅಂತ ಈಗ ಗೊತ್ತಾಯಿತಲ್ಲ. ಅವರ ಮುಂದಿನ ವರ್ಷದ ಖರ್ಚು ಆ ಎರಡು ಗೇಮಿನಲ್ಲಿದೆ.

ಇವರಲ್ಲಿ ಹದಿನಾರರ ಹುಡುಗಿಯರಿರುತ್ತಾರೆ, ಮೂವತ್ತೈದು ದಾಟಿದವರಿರುತ್ತಾರೆ, ಒಂದು ಕಾಲಕ್ಕೆ ಮೇಲಿದ್ದು ಗಾಯವಾಗಿ ಕೆಳಗಿಳಿದು ಮತ್ತೆ ಮೆಟ್ಟಿಲು ಹತ್ತುತ್ತಿರುವವರಿರುತ್ತಾರೆ. ಬಹಳಷ್ಟು ಜನ ಒಬ್ಬೊಬ್ಬರೇ ಊರೂರು ತಿರುಗುವವರು. ನೆನಪಿದೆಯಾ, ಮಹಾರಾಣಿ ಕಾಲೇಜಿನ ಟೆನಿಕಾಯ್ಟ್ ತಂಡಕ್ಕೆ ನಿನ್ನನ್ನು ಆರಿಸಿದ್ದರು. ಧಾರವಾಡದಲ್ಲಿ ಆಟ. ರಾತ್ರಿ ರೈಲು. ಅಪ್ಪ ಎರಡು ದಿನ ಏನೂ ಮಾತಾಡಲಿಲ್ಲ, ಮೂರನೆಯ ದಿನ ಮಾಸ್ತರರಿಗೆ ಚೀಟಿ ಕಳಿಸಿ ನಿನ್ನ ಹೆಸರು ತೆಗೆಸಿದರು. ನೀನು ಆ ರಿಂಗನ್ನು ಅಟ್ಟದ ಮೇಲೆ ಎಸೆದವಳು ಮತ್ತೆ ಮುಟ್ಟಲಿಲ್ಲ. ಅಪ್ಪನನ್ನು ಈಗ ಬೈದು ಏನು ಪ್ರಯೋಜನ, ಆ ಕಾಲದಲ್ಲಿ ನಮ್ಮ ಅಗ್ರಹಾರದ ಯಾವ ಅಪ್ಪನೂ ಕಳಿಸುತ್ತಿರಲಿಲ್ಲ. ಆದರೆ ಹೆಗಲ ಮೇಲೆ ತನ್ನಷ್ಟೇ ಉದ್ದದ ಚೀಲ ಹಾಕಿಕೊಂಡು ಒಬ್ಬಳೇ ಕೋರ್ಟಿಗೆ ನಡೆದು ಬರುವ ಆ ಹುಡುಗಿಯರನ್ನು ನೀನು ಹತ್ತಿರದಿಂದ ನೋಡಬೇಕು ಅಂತ ನನಗೆ ಆಸೆ.

ನಮ್ಮ ಅಂಕಿತಾ ರೈನಾಳ ಕತೆ ನಿನಗೆ ಹೇಳಿದ್ದೆನೋ ಇಲ್ಲವೋ. ಗ್ರ್ಯಾನ್ ಸ್ಲಾಮ್‌ಗಳ ಸಿಂಗಲ್ಸ್ ಅರ್ಹತಾ ಸುತ್ತನ್ನು ವರ್ಷಗಟ್ಟಲೆ ಆಡಿದವಳು. 2021ರಲ್ಲಿ ಆಸ್ಟ್ರೇಲಿಯನ್ ಓಪನ್ನಿನ ಅರ್ಹತಾ ಪಂದ್ಯಗಳನ್ನು ಕೊರೊನಾದಿಂದಾಗಿ ದುಬೈನಲ್ಲಿ ನಡೆಸಿದರು. ಅಲ್ಲಿ ಕೊನೆಯ ಸುತ್ತಿನ ತನಕ ಬಂದಳು, ಸರ್ಬಿಯಾದ ಓಲ್ಗಾ ಡ್ಯಾನಿಲೊವಿಚ್ ಎದುರು ಮೂರು ಸೆಟ್‌ನಲ್ಲಿ ಸೋತಳು. ಹೀಗೆ ಕೊನೆಯ ಹೆಜ್ಜೆಯಲ್ಲಿ ಎಡವಿದ ಕೆಲವರನ್ನು ‘ಲಕ್ಕಿ ಲೂಸರ್’ ಅಂತ ಕಾಯಲು ಹೇಳುತ್ತಾರೆ. ಮುಖ್ಯ ಸುತ್ತಿನಲ್ಲಿ ಯಾರಾದರೂ ಕಾಲು ಉಳುಕಿಸಿಕೊಂಡು ಹಿಂದೆ ಸರಿದರೆ ಆ ಜಾಗ ಇವರಿಗೆ. ಅಂಕಿತಾ ಮೆಲ್ಬರ್ನ್‌ಗೆ ಹೋಗಿ ಹಾಗೆ ಕಾದಳು. ಸಿಂಗಲ್ಸ್‌ನಲ್ಲಿ ಜಾಗ ಖಾಲಿಯಾಗಲಿಲ್ಲ. ರುಮೇನಿಯಾದ ಮಿಹೇಲಾ ಬುಜರ್ನೆಸ್ಕು ಜೊತೆ ಡಬಲ್ಸ್ ಆಡುವ ಅವಕಾಶ ಸಿಕ್ಕಿತು, ಆಡಿದಳು. ಇನ್ನೊಬ್ಬಳಿಗೆ ಏನೂ ಆಗದಿರಲಿ ಅಂತ ಹಾರೈಸುತ್ತಲೇ ಏನಾದರೂ ಆಗಲಿ ಅಂತ ಕಾಯುವುದು ಎಂಥ ಧರ್ಮಸಂಕಟ ನೋಡು.

ಈಗ ಆ ಇಂಗ್ಲೆಂಡ್ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಎಮಾ ರಾಡುಕಾನು. ಅದೇ 2021, ಅದೇ ನ್ಯೂಯಾರ್ಕ್. ನೀನು ಫೈನಲ್ ನೋಡಿ ನನಗೆ ಫೋನ್ ಮಾಡಿದ್ದೆ, ಆ ಹುಡುಗಿ ಎಲ್ಲಿಂದ ಬಂದಳೇ ಅಂತ. ಎಲ್ಲಿಂದ ಅಂದರೆ, ಅರ್ಹತಾ ಸುತ್ತಿನಿಂದ. ಹದಿನೆಂಟು ವರ್ಷ. ಹುಟ್ಟಿದ್ದು ಕೆನಡಾದ ಟೊರಾಂಟೊದಲ್ಲಿ, ಅಪ್ಪ ರುಮೇನಿಯಾದವರು, ಅಮ್ಮ ಚೀನಾದವರು, ಬೆಳೆದದ್ದು ಲಂಡನ್ನಿನಲ್ಲಿ. ಆ ಜುಲೈನಲ್ಲಿ ವಿಂಬಲ್ಡನ್‌ನಲ್ಲಿ ವೈಲ್ಡ್ ಕಾರ್ಡ್ ಸಿಕ್ಕಿ ನಾಲ್ಕನೇ ಸುತ್ತಿಗೆ ಬಂದಿದ್ದಳು. ಅಲ್ಲಿ ಆಟದ ನಡುವೆ ಉಸಿರಾಟದ ತೊಂದರೆಯಾಗಿ ಪಂದ್ಯ ಬಿಟ್ಟು ಹೊರಗೆ ಹೋಗಬೇಕಾಯಿತು. ಆಗಸ್ಟಿನಲ್ಲಿ ಅವಳ ಶಾಲೆಯ ಕಡೆಯ ಪರೀಕ್ಷೆಯ ಫಲಿತಾಂಶ ಬಂತು, ಗಣಿತದಲ್ಲಿ ಅತಿ ಮೇಲಿನ ದರ್ಜೆ. ಆ ತಿಂಗಳ ಕೊನೆಗೆ ನ್ಯೂಯಾರ್ಕಿಗೆ ಬಂದಾಗ ಅವಳ ರ್ಯಾಂಕಿಂಗ್ 150. ಅರ್ಹತಾ ಸುತ್ತಿನಲ್ಲೇ ಅವಳಿಗೆ ಸಿಕ್ಕಿದ್ದು 31ನೇ ಶ್ರೇಯಾಂಕ. ಆ ಸುತ್ತು ಮುಗಿಯುವ ಹೊತ್ತಿಗೆ ಊರಿಗೆ ವಾಪಸು ಹೋಗಲು ವಿಮಾನದ ಟಿಕೆಟ್ ಮಾಡಿಸಿಟ್ಟುಕೊಂಡೇ ಬಂದಿದ್ದಳು.

ಮೊದಲ ಪಂದ್ಯ ನೆದರ್ಲೆಂಡ್ಸ್‌ನ ಬಿಬಿಯಾನೆ ಸ್ಕೂಫ್ಸ್ ಜೊತೆ, ಎರಡನೆಯದು ಜಾರ್ಜಿಯಾದ ಮರಿಯಂ ಬೋಲ್ಕ್‌ವಾಡ್ಜೆ ಜೊತೆ, ಮೂರನೆಯದು ಈಜಿಪ್ಟಿನ ಮಯಾರ್ ಶೆರಿಫ್ ಜೊತೆ. ಇಲ್ಲೊಂದು ವಿಚಿತ್ರವಿದೆ. ಆ ವರ್ಷ ಕೊರೊನಾ ಕಾರಣ ಅರ್ಹತಾ ಸುತ್ತಿಗೆ ಪ್ರೇಕ್ಷಕರನ್ನೇ ಬಿಡಲಿಲ್ಲ. ಎರಡು ವಾರದ ಮೇಲೆ ಇಡೀ ಸ್ಟೇಡಿಯಂ ಎದ್ದು ನಿಂತು ಯಾರಿಗೆ ಚಪ್ಪಾಳೆ ಹೊಡೆಯಿತೋ ಅವಳ ಮೊದಲ ಮೂರು ಗೆಲುವು ಖಾಲಿ ಬೆಂಚುಗಳ ಎದುರು ನಡೆದವು. ಒಂದು ವೇಳೆ ಬಿಟ್ಟಿದ್ದರೆ? ನಿನ್ನಂಥ ಯಾರೋ ಒಬ್ಬಳು ನೀವಿರುವ ಎಡಿಸನ್ನಿನಿಂದ ರೈಲು ಹತ್ತಿ ಬಂದು, ಹೆಸರು ಗೊತ್ತಿಲ್ಲದ ಆ ಹುಡುಗಿಯ ಬೆನ್ನ ಹಿಂದೆ ಕೈಗೆಟಕುವಷ್ಟು ದೂರದಲ್ಲಿ ಕೂತು, ‘ಇವಳ ಬ್ಯಾಕ್‌ಹ್ಯಾಂಡ್ ಚೆನ್ನಾಗಿದೆ’ ಅಂತ ಪಕ್ಕದವರಿಗೆ ಹೇಳಿ, ಸಂಜೆ ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಆಮೇಲಿನದು ನಿನಗೆ ಗೊತ್ತು. ಮುಖ್ಯ ಸುತ್ತಿನ ಮೊದಲ ಪಂದ್ಯಕ್ಕೆ ಮುಂಚೆ ಕಿವಿಗೆ ಹಾಕಿಕೊಳ್ಳುವ ಏರ್‌ಪಾಡ್ಸ್ ಕಳೆದುಹೋಗಿ ಹುಡುಕಾಡಿದಳಂತೆ, ಗೆದ್ದರೆ ಹೊಸದು ಕೊಂಡುಕೋ ಅಂತ ಜೊತೆಯವರು ತಮಾಷೆ ಮಾಡಿದರಂತೆ. ಸಾರಾ ಸೊರಿಬೆಸ್ ಟೊರ್ಮೊ ಅನ್ನುವ, ಸುಲಭಕ್ಕೆ ಒಂದು ಪಾಯಿಂಟೂ ಬಿಟ್ಟುಕೊಡದ ಸ್ಪೇನ್ ಆಟಗಾರ್ತಿಗೆ 6-0, 6-1. ಆ ಜುಲೈ ಕೊನೆಯಲ್ಲಷ್ಟೇ ಟೋಕಿಯೊ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದ ಬೆಲಿಂಡಾ ಬೆನ್ಸಿಚ್‌ಗೆ ಕ್ವಾರ್ಟರ್‌ ಫೈನಲ್‌ನಲ್ಲಿ 6-3, 6-4. ಸೆಮಿಯಲ್ಲಿ ಗ್ರೀಸಿನ ಮರಿಯಾ ಸಕ್ಕಾರಿಗೆ 6-1, 6-4. ಸೆಪ್ಟೆಂಬರ್ 11ರಂದು ಫೈನಲ್. ಎದುರಾಳಿ ಕೆನಡಾದ ಲೇಲಾ ಫರ್ನಾಂಡಿಸ್, ಅವಳಿಗೆ ಅದೇ ವಾರ ಹತ್ತೊಂಬತ್ತು ತುಂಬಿತ್ತು, ಅವಳಿಗೂ ಶ್ರೇಯಾಂಕವಿಲ್ಲ. ಒಸಾಕಾ, ಕೆರ್ಬರ್, ಸ್ವಿಟೋಲಿನಾ, ಸಬಲೆಂಕಾ ಎಲ್ಲರನ್ನೂ ಮೂರು ಮೂರು ಸೆಟ್ ಆಡಿ ಮನೆಗೆ ಕಳಿಸಿ ಬಂದವಳು. ಎರಡನೇ ಸೆಟ್‌ನಲ್ಲಿ 5-3 ಇದ್ದಾಗ ಎಮಾ ಜಾರಿ ಮಂಡಿ ತರಚಿ ರಕ್ತ ಬಂತು, ಪಟ್ಟಿ ಕಟ್ಟುವವರೆಗೆ ಆಟ ನಿಂತಿತು, ಲೇಲಾ ಅಧಿಕಾರಿಯ ಹತ್ತಿರ ಹೋಗಿ ಇದೆಂಥ ನ್ಯಾಯ ಅಂತ ಕೇಳಿದಳು. ನೀನು ಆಗ ಲೇಲಾ ಪರ ವಾದ ಮಾಡಿದ್ದೆ. ಮತ್ತೆ ಆಡಲು ನಿಂತ ಎಮಾ ಬ್ರೇಕ್ ಪಾಯಿಂಟ್ ಉಳಿಸಿಕೊಂಡು, ಕೊನೆಗೆ ಎದುರಾಳಿಗೆ ಮುಟ್ಟಲೂ ಸಿಗದ ಏಸ್ ಹೊಡೆದು ಮುಗಿಸಿದಳು. 6-4, 6-3.

ಹತ್ತು ಪಂದ್ಯ, ಇಪ್ಪತ್ತು ಸೆಟ್, ಒಂದೂ ಸೋಲಲಿಲ್ಲ, ಒಂದು ಟೈಬ್ರೇಕೂ ಆಡಲಿಲ್ಲ. ಅರ್ಹತಾ ಸುತ್ತಿನಿಂದ ಬಂದು ಗ್ರ್ಯಾನ್ ಸ್ಲಾಮ್ ಸಿಂಗಲ್ಸ್ ಗೆದ್ದವರು ಗಂಡಸರಲ್ಲೂ ಇಲ್ಲ, ಹೆಂಗಸರಲ್ಲೂ ಇಲ್ಲ, ಇವಳೊಬ್ಬಳೇ. ಬಹುಮಾನ 25 ಲಕ್ಷ ಡಾಲರ್. 150ರಿಂದ ಒಂದೇ ನೆಗೆತಕ್ಕೆ 23. ಮುಂದಿನ ವರ್ಷ ಅದೇ ಊರಿಗೆ ಚಾಂಪಿಯನ್ ಆಗಿ ಬಂದಳು, ಮೊದಲ ಸುತ್ತಿನಲ್ಲೇ ಫ್ರಾನ್ಸಿನ ಅಲಿಜೆ ಕಾರ್ನೆಗೆ ಸೋತಳು. ಅದರ ಮುಂದಿನ ವರ್ಷ ಕೈಗೆ, ಕಾಲಿಗೆ ಶಸ್ತ್ರಚಿಕಿತ್ಸೆ. ಜನ ಆಡಿಕೊಂಡರು, ಅದೃಷ್ಟ ಅಂದರು. ನನಗಂತೂ ಸಿಟ್ಟು ಬರುತ್ತದೆ. ಹತ್ತು ಪಂದ್ಯ ಸತತವಾಗಿ ಅದೃಷ್ಟದಿಂದ ಗೆಲ್ಲಲು ಅದೇನು ಹೌಸಿಯೇ?

ಆದರೆ ಅಕ್ಕ, ನನಗೆ ಹೆಚ್ಚು ಕುತೂಹಲ ಇರುವುದು ಆ ಮಯಾರ್ ಶೆರಿಫ್ ಮೇಲೆ. ಖಾಲಿ ಸ್ಟೇಡಿಯಂನಲ್ಲಿ ಎಮಾಗೆ ಮೂರನೇ ಪಂದ್ಯ ಸೋತು ಹೊರಬಿದ್ದವಳು. ಅವತ್ತು ಅವಳ ಹೆಸರನ್ನು ಯಾರು ಬರೆದುಕೊಂಡರು? ಮರುವರ್ಷ ಇಟಲಿಯ ಪಾರ್ಮಾದಲ್ಲಿ ಡಬ್ಲ್ಯುಟಿಎ ಪ್ರಶಸ್ತಿ ಗೆದ್ದಳು, ಈಜಿಪ್ಟಿನ ಹೆಣ್ಣುಮಗಳೊಬ್ಬಳು ಅದನ್ನು ಗೆದ್ದದ್ದು ಅದೇ ಮೊದಲು. ಫೈನಲ್‌ನಲ್ಲಿ ಅವಳು ಸೋಲಿಸಿದ್ದು ಯಾರನ್ನು ಗೊತ್ತಾ? ಅದೇ ಸಕ್ಕಾರಿಯನ್ನು. ಅರ್ಹತಾ ಸುತ್ತಿನಲ್ಲಿ ಸೋತವಳಿಗೂ ಸೆಮಿಫೈನಲ್ ತನಕ ಬಂದವಳಿಗೂ ನಡುವಿನ ಅಂತರ ಇಷ್ಟೇ. ನೀನು ಹೋಗಿ ಕೂತ ಕೋರ್ಟಿನಲ್ಲಿ ಸೋತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡವಳು ಯಾರಾಗುತ್ತಾಳೋ ಯಾರಿಗೆ ಗೊತ್ತು. ಅದಕ್ಕೇ ಹೇಳುತ್ತಿರುವುದು, ಹೆಸರು ಬರೆದುಕೊಂಡು ಬಾ.

ಹತ್ತಿರ ಕೂತು ನೋಡುವುದಕ್ಕೂ ದೂರದಿಂದ ನೋಡುವುದಕ್ಕೂ ಇರುವ ವ್ಯತ್ಯಾಸ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. 2008ರ ಮಾರ್ಚಿನಲ್ಲಿ ಕಬ್ಬನ್ ಪಾರ್ಕಿನ ಟೆನಿಸ್ ಸ್ಟೇಡಿಯಂನಲ್ಲಿ ಬೆಂಗಳೂರು ಓಪನ್ ಸೆಮಿಫೈನಲ್. ಸಾನಿಯಾ ಆ ಸಲ ಬೆಂಗಳೂರಿನಲ್ಲಿ ಆಡುವುದಿಲ್ಲ ಅಂದುಬಿಟ್ಟಿದ್ದಳು, ಎಲ್ಲರಿಗೂ ಬೇಸರ. ಅದನ್ನು ಮರೆಸಿದ್ದು ಅಕ್ಕತಂಗಿಯರಾದ ವೀನಸ್, ಸೆರೆನಾ. ನೀನು ಅಕ್ಕನ ಪಕ್ಷ, ನಾನು ತಂಗಿಯ ಪಕ್ಷ, ಅದರಲ್ಲೇನು ಆಶ್ಚರ್ಯ. 6-3 ತಂಗಿಗೆ, 6-3 ಅಕ್ಕನಿಗೆ, ಮೂರನೆಯದರಲ್ಲಿ ವೀನಸ್‌ಗೆ ಮ್ಯಾಚ್ ಪಾಯಿಂಟ್ ಬಂದಾಗ ನೀನು ನನ್ನ ಮೊಣಕೈ ಹಿಡಿದದ್ದು ಹಿಡಿದದ್ದೇ. ಸೆರೆನಾ ಅದನ್ನು ಉಳಿಸಿಕೊಂಡು ಟೈಬ್ರೇಕಿನಲ್ಲಿ ಗೆದ್ದಳು. ಮಾರನೆಯ ದಿನ ಪ್ಯಾಟಿ ಶ್ನೈಡರ್‌ಳನ್ನು ಸೋಲಿಸಿ ಕಪ್ ತೆಗೆದುಕೊಂಡಳು. ಆ ವರ್ಷ ವಿಂಬಲ್ಡನ್ ಫೈನಲ್‌ನಲ್ಲಿ ವೀನಸ್ ತಂಗಿಯನ್ನು ಸೋಲಿಸಿ ಲೆಕ್ಕ ಚುಕ್ತಾ ಮಾಡಿದಳು ಅಂತ ನೀನು ಮನೆಯಲ್ಲಿ ಪಾಯಸ ಮಾಡಿದ್ದೆ. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಸೆರೆನಾ ಪಾಲಾಯಿತು, ನಾನು ಪಾಯಸ ಮಾಡಲಿಲ್ಲ, ಹೋಟೆಲಿನಿಂದ ಜಾಮೂನು ತಂದೆ. ಆ ಬೆಂಗಳೂರು ಓಪನ್ ಅದೇ ಕೊನೆ, ಮತ್ತೆ ಬರಲೇ ಇಲ್ಲ. ಮಹಿಳೆಯರ ಸಣ್ಣ ಟೂರ್ನಿಗಳು ಕಬ್ಬನ್ ಪಾರ್ಕಿನಲ್ಲಿ ಈಗಲೂ ಆಗುತ್ತವೆ, ನಾನು ಹೋಗುತ್ತೇನೆ. ಬಂದವರನ್ನು ಬೆರಳಲ್ಲಿ ಎಣಿಸಬಹುದು. ಚೆಂಡು ರ್ಯಾಕೆಟ್ಟಿಗೆ ತಾಗುವ ಸದ್ದಿನಲ್ಲೇ ಸರಿಯಾಗಿ ಬಿತ್ತೋ ಇಲ್ಲವೋ ಹೇಳುವುದನ್ನು ಕಲಿತಿದ್ದೇನೆ.

ನಿನ್ನ ವೀನಸ್ 2025ರಲ್ಲಿ ನಲವತ್ತೈದನೆಯ ವಯಸ್ಸಿನಲ್ಲಿ ವೈಲ್ಡ್ ಕಾರ್ಡ್ ಪಡೆದು ನ್ಯೂಯಾರ್ಕಿನಲ್ಲಿ ಮತ್ತೆ ಆಡಿದಳಲ್ಲ. ಕರೊಲಿನಾ ಮುಕೊವಾ ಎದುರು ಮೂರು ಸೆಟ್ ತನಕ ಎಳೆದಳು. ಅವಳ ಬಗ್ಗೆ ನಾನು ಏನಾದರೂ ಅಂದರೆ ನಿನಗೆ ಕೋಪ ಬರುತ್ತದೆ, ಆದರೆ ಇದು ಹೊಗಳಿಕೆ. ಶನಿವಾರ ರಾತ್ರಿ ಮಹಿಳೆಯರ ಫೈನಲ್ ಅನ್ನುವ ಪದ್ಧತಿ ಅಲ್ಲಿ ಶುರುವಾದದ್ದೇ ವೀನಸ್, ಸೆರೆನಾ ಇಬ್ಬರಿಂದ. ಅದಕ್ಕೆ ಮುಂಚೆ ವರ್ಷಗಟ್ಟಲೆ ಹೆಂಗಸರ ಫೈನಲ್ಲನ್ನು ಗಂಡಸರ ಎರಡು ಸೆಮಿಫೈನಲ್‌ಗಳ ಮಧ್ಯೆ ತುರುಕುತ್ತಿದ್ದರು. ಗಂಡಸರ ಮೊದಲ ಪಂದ್ಯ ಐದು ಸೆಟ್ಟಿಗೆ ಎಳೆದರೆ ಇವರು ಒಳಗೆ ಕಾಯುತ್ತ ಕೂರಬೇಕು, ಎಷ್ಟು ಹೊತ್ತಿಗೆ ಊಟ ಮಾಡಬೇಕು, ಎಷ್ಟು ಹೊತ್ತಿಗೆ ಮೈ ಬಿಸಿ ಮಾಡಿಕೊಳ್ಳಬೇಕು ಒಂದೂ ಗೊತ್ತಿಲ್ಲ. 2001ರಲ್ಲಿ ಮೊದಲ ಬಾರಿ ರಾತ್ರಿಯ ಹೊತ್ತಿಗೆ ಬೇರೆಯಾಗಿ ಇಟ್ಟರು, ಆಡಿದ್ದು ಇವರಿಬ್ಬರೇ, ಗೆದ್ದದ್ದು ನಿನ್ನವಳು.

ದುಡ್ಡಿನ ವಿಷಯವೂ ಹಾಗೆಯೇ. ನೀನು ಹೋಗುವ ಜಾಗಕ್ಕೆ 2006ರಿಂದ ಬಿಲ್ಲಿ ಜೀನ್ ಕಿಂಗ್ ಹೆಸರಿದೆ, ಸುಮ್ಮನೆ ಇಟ್ಟದ್ದಲ್ಲ. 1972ರಲ್ಲಿ ಅವಳು ಅಮೆರಿಕ ಓಪನ್ ಗೆದ್ದಾಗ ಕೊಟ್ಟದ್ದು 10,000 ಡಾಲರ್, ಗಂಡಸರಲ್ಲಿ ಗೆದ್ದ ನಸ್ತಾಸೆಗೆ 25,000. ಮುಂದಿನ ವರ್ಷ ಸಮ ಮಾಡದಿದ್ದರೆ ನಾನು ಆಡಲು ಬರುವುದಿಲ್ಲ ಅಂದಳು. 1973ರಲ್ಲಿ ಸಮ ಮಾಡಿದರು, ಮಾರ್ಗರೆಟ್ ಕೋರ್ಟ್‌ಗೂ 25,000, ಜಾನ್ ನ್ಯೂಕಂಬ್‌ಗೂ 25,000. ನಿನ್ನ ಟೆನಿಕಾಯ್ಟ್ ರಿಂಗು ಅಟ್ಟ ಸೇರಿದ್ದೂ ಅದರ ಆಸುಪಾಸಿನಲ್ಲೇ. ವಿಂಬಲ್ಡನ್‌ನವರಿಗೆ ಅಷ್ಟು ಮನಸ್ಸು ಬರಲು 2007ರ ತನಕ ಬೇಕಾಯಿತು. ಅದಕ್ಕಾಗಿ ಹಿಂದಿನ ವರ್ಷ ಪತ್ರಿಕೆಯಲ್ಲಿ ಲೇಖನ ಬರೆದು ಕೇಳಿದ್ದು ವೀನಸ್, ಸಮವಾದ ಮೊದಲ ವರ್ಷವೇ ಗೆದ್ದು ಫೆಡರರ್‌ನಷ್ಟೇ ಏಳು ಲಕ್ಷ ಪೌಂಡ್ ತೆಗೆದುಕೊಂಡದ್ದೂ ಅವಳೇ. ಭಾವ ಈಗಲೂ ‘ಹೆಂಗಸರು ಮೂರೇ ಸೆಟ್ ಆಡುವುದು, ದುಡ್ಡು ಯಾಕೆ ಸಮ’ ಅಂತ ಶುರು ಮಾಡುತ್ತಾರಾ? ಬ್ಯಾಂಕಿನಲ್ಲಿ ಅವರು ನಿನಗಿಂತ ಒಂದು ಗಂಟೆ ತಡವಾಗಿ ಮನೆಗೆ ಬರುತ್ತಿದ್ದರಲ್ಲ, ಆ ಗಂಟೆ ಎಲ್ಲಿ ಕಳೆಯುತ್ತಿತ್ತು ಅಂತ ಕೇಳು. ಕ್ಯಾರಂ ಬೋರ್ಡ್ ಅಂತ ನನಗೆ ಗೊತ್ತು.

ಹೇಗೆ ನೋಡಬೇಕು ಅಂತ ಒಂದೆರಡು ಮಾತು. ಹೊರಗಿನ ಸಣ್ಣ ಕೋರ್ಟುಗಳಲ್ಲಿ ಎಲ್ಲಿ ಬೇಕಾದರೂ ಕೂರಬಹುದು. ಪಕ್ಕದಲ್ಲಿ ಕೂರಬೇಡ, ಚೆಂಡಿನ ಹಿಂದೆ ತಲೆ ತಿರುಗಿಸಿ ಕುತ್ತಿಗೆ ನೋಯುತ್ತದೆ. ಬೇಸ್‌ಲೈನಿನ ಹಿಂದೆ ಕೂತರೆ ಆಟದ ಕೋನಗಳು ಕಾಣುತ್ತವೆ. ಎರಡನೇ ಸರ್ವ್ ನೋಡು. ಈ ಮಟ್ಟದವರಿಗೂ ಮೇಲಿನ ಇಪ್ಪತ್ತು ಜನಕ್ಕೂ ಇರುವ ವ್ಯತ್ಯಾಸ ಬಹಳಮಟ್ಟಿಗೆ ಅಲ್ಲೇ ಇದೆ, ಫೋರ್‌ಹ್ಯಾಂಡಿನಲ್ಲಿ ಅಷ್ಟಾಗಿ ಇಲ್ಲ. ಒತ್ತಡ ಬಂದಾಗ ಚೆಂಡು ಎಸೆಯುವ ಎಡಗೈ ಮೊದಲು ಕೆಡುತ್ತದೆ. ಲೈನ್ ಅಂಪೈರುಗಳು ಕಾಣುವುದಿಲ್ಲ ಅಂತ ಹುಡುಕಬೇಡ, 2021ರಿಂದ ಅಲ್ಲಿ ಎಲ್ಲ ಕೋರ್ಟಿನಲ್ಲೂ ಯಂತ್ರವೇ ‘ಔಟ್’ ಅನ್ನುತ್ತದೆ. ಇನ್ನೊಂದು, ಅಲ್ಲಿ ಬಹುಕಾಲ ಗಂಡಸರಿಗೊಂದು ಚೆಂಡು, ಹೆಂಗಸರಿಗೆ ಅದಕ್ಕಿಂತ ತೆಳು ಹೊದಿಕೆಯ ಇನ್ನೊಂದು ಚೆಂಡು ಕೊಡುತ್ತಿದ್ದರು. ಹಿಡಿತಕ್ಕೆ ಸಿಗುವುದಿಲ್ಲ ಅಂತ 2022ರಲ್ಲಿ ಇಗಾ ಸ್ವಿಯಾಟೆಕ್ ಬಹಿರಂಗವಾಗಿ ಗೊಣಗಿದಳು, ಗೊಣಗುತ್ತಲೇ ಆ ವರ್ಷ ಕಪ್ಪನ್ನೂ ಗೆದ್ದಳು. ಮರುವರ್ಷ ಎಲ್ಲರಿಗೂ ಒಂದೇ ಚೆಂಡಾಯಿತು. ದುಡ್ಡು ಸಮವಾಗಿ ಐವತ್ತು ವರ್ಷದ ಮೇಲೆ ಚೆಂಡು ಸಮ.

ಪಂದ್ಯಗಳ ನಡುವೆ ಅಭ್ಯಾಸದ ಕೋರ್ಟುಗಳ ಹತ್ತಿರ ಹೋಗು, ಆ ವಾರ ದೊಡ್ಡವರೆಲ್ಲ ಅಲ್ಲಿ ಅಭ್ಯಾಸ ಮಾಡುತ್ತಿರುತ್ತಾರೆ. ಫೈನಲ್‌ನಲ್ಲಿ ನಿನಗೆ ಇರುವೆಯಷ್ಟು ಕಾಣುವವಳು ಇಲ್ಲಿ ಬೇಲಿಯಾಚೆ ನಿಂತು ಬಾಳೆಹಣ್ಣು ತಿನ್ನುತ್ತಿರುತ್ತಾಳೆ.

ದಾರಿ ಸುಲಭ, ಪುಟ್ಟಿಯ ಗಂಡನಿಂದ ರಜೆ ಹಾಕಿಸಬೇಡ. ಎಡಿಸನ್ನಿನಿಂದ ನ್ಯೂಯಾರ್ಕ್ ಪೆನ್ ಸ್ಟೇಷನ್ನಿಗೆ ರೈಲು. ಅಲ್ಲೇ ಲಾಂಗ್ ಐಲೆಂಡ್ ರೈಲಿಗೆ ಬದಲಾಯಿಸಿ ಮೆಟ್ಸ್–ವಿಲೆಟ್ಸ್ ಪಾಯಿಂಟ್‌ನಲ್ಲಿ ಇಳಿ, ಜನರ ಹಿಂದೆ ನಡೆದರೆ ಸಾಕು. ಬೆನ್ನಿಗೆ ಹಾಕುವ ಚೀಲ ಒಳಗೆ ಬಿಡುವುದಿಲ್ಲ, ನಿನ್ನ ಹಳೆಯ ವ್ಯಾನಿಟಿ ಬ್ಯಾಗ್ ಒಯ್ಯಿ. ಸಂಜೆ ನೇರ ಮನೆಗೆ ಬರಬೇಡ. ಅಲ್ಲಿಂದ ಹತ್ತಿರದಲ್ಲೇ ಫ್ಲಶಿಂಗಿನ ಬೌನ್ ಸ್ಟ್ರೀಟಿನಲ್ಲಿ ಗಣಪತಿ ದೇವಸ್ಥಾನವಿದೆ. 1977ರದ್ದು, ಅಮೆರಿಕದ ಹಳೆಯ ದೇವಸ್ಥಾನಗಳಲ್ಲಿ ಒಂದು. ಕೈಮುಗಿದು ಕೆಳಗಿನ ಕ್ಯಾಂಟೀನಿಗೆ ಇಳಿ. ದೋಸೆ ಚೆನ್ನಾಗಿರುತ್ತದಂತೆ. ನಮ್ಮ ದಪ್ಪ ಬೆಣ್ಣೆ ಮಸಾಲೆಯಲ್ಲ, ತಮಿಳರ ಗರಿಗರಿ ದೋಸೆ. ಮುಖ ಸಿಂಡರಿಸಬೇಡ, ತಿನ್ನು.

ಪುಟ್ಟಿಗೆ ನಾನು ಬಾಯಿಬಿಟ್ಟೆ ಅಂತ ಹೇಳಬೇಡ. ‘ಯಾಕೋ ಅರ್ಹತಾ ಸುತ್ತು ನೋಡಬೇಕು ಅನ್ನಿಸಿದೆ’ ಅಂತ ನೀನಾಗಿಯೇ ಊಟದ ಹೊತ್ತಿನಲ್ಲಿ ತೆಗೆ. ಫೈನಲ್ ದುಡ್ಡು ಉಳಿದರೆ ಜನವರಿಯಲ್ಲಿ ಇಲ್ಲಿಗೆ ಬರಲು ವಿಮಾನದ ಟಿಕೆಟ್ ಮಾಡಿಸಿಕೊಡಲು ಹೇಳು, ಕಬ್ಬನ್ ಪಾರ್ಕಿಗೆ ನಾನು ಕರೆದುಕೊಂಡು ಹೋಗುತ್ತೇನೆ. ಹೋಗಿ ಬಂದ ದಿನವೇ ಬರೆ. ಯಾರು ಯಾರನ್ನು ನೋಡಿದೆ, ಎಷ್ಟನೇ ಕೋರ್ಟು, ಸೋತವರ ಹೆಸರು ಮೊದಲು.

ಭಾವನಿಗೆ ನಮಸ್ಕಾರ, ಮೊಮ್ಮಗನಿಗೆ ಮುದ್ದು.

ನಿನ್ನ ತಂಗಿ